ದರ್ಪಣ ಸುಂದರಿ ಶಾಂತಲೆಯೇನಾ? ಪುಟ್ಟಿ ಕೇಳಿದ್ದಕ್ಕೆ ಬೇಲೂರಿನಿಂದ ಉತ್ತರ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. 'ಅತ್ತೆ, ನೀವು ಬೇಲೂರಲ್ಲೇ ಇದ್ದೀರಲ್ಲ, ದರ್ಪಣ ಸುಂದರಿ ಅಂದರೆ ಶಾಂತಲೆಯೇ ಅಲ್ವಾ?' ಅಂತ ಕೇಳಿದ್ದೀಯ. ಟೈಪ್ ಮಾಡಿ ಮುಗಿಸೋ ಮಾತಲ್ಲ ಇದು, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ. ಕೈಯಲ್ಲಿ ಕೆಲಸ ಇದ್ದರೆ ಮಾಡುತ್ತಲೇ ಕೇಳಿಸಿಕೊಳ್ಳಿ. ಭಾವ, ನೀವೂ ಕೊನೆವರೆಗೆ ಕೇಳಬೇಕು, ನಿಮಗೂ ಒಂದು ಮಾತಿದೆ.

ಮೊದಲು ಪುಟ್ಟಿಗೆ. ಇಲ್ಲಮ್ಮಾ, ನಮ್ಮ ಚೆನ್ನಕೇಶವನ ಗುಡಿಯಲ್ಲಿ ಕನ್ನಡಿ ಹಿಡಿದು ನಿಂತ ಆ ಶಿಲಾಬಾಲಿಕೆ ಹೊಯ್ಸಳ ರಾಣಿ ಶಾಂತಲೆಯದು ಅಂತ ಯಾವ ಶಾಸನವೂ ಹೇಳುವುದಿಲ್ಲ. ಊರಲ್ಲಿ ಬಾಯಿಂದ ಬಾಯಿಗೆ ಬಂದ ಮಾತು ಅದು. ಗೈಡ್‌ಗಳು ಹೇಳುತ್ತಾರೆ, ಕೇಳಿದವರು ಖುಷಿ ಪಡುತ್ತಾರೆ. ಮದನಿಕೆಯರ, ಅಂದರೆ ಈ ಶಿಲಾಬಾಲಿಕೆಯರ ಕೆಳಗೆ ಕೆಲವು ಕಡೆ ಹೆಸರು ಕೆತ್ತಿರುವುದು ನಿಜ. ಆದರೆ ಅದು ನಿಂತಿರುವ ಹೆಣ್ಣಿನ ಹೆಸರಲ್ಲ, ಕೆತ್ತಿದ ಶಿಲ್ಪಿಯ ಹೆಸರು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಹೀಗೆ. ಅಷ್ಟು ದೂರದಿಂದ ಬಂದು, ಬಳಪದ ಕಲ್ಲಿನಲ್ಲಿ ಉಗುರು, ಬಳೆ, ಕೂದಲಿನ ಎಳೆ ಎಲ್ಲ ಬಿಡಿಸಿ, ಕೆಳಗೆ ತಮ್ಮ ಹೆಸರು ಬರೆದುಕೊಂಡವರು. ನಾವು ಆ ಹೆಸರನ್ನು ಓದುವುದೇ ಇಲ್ಲ. ಸುಮ್ನೆ 'ಯಾರು ಈ ಸುಂದರಿ' ಅಂತ ಕೇಳಿ ಮುಂದಕ್ಕೆ ಹೋಗುತ್ತೇವೆ.

ಇನ್ನೊಂದು ವಿಷಯ. ಮದನಿಕೆಯರು ಒಟ್ಟು 42. ಹೊರಗೆ 38, ಒಳಗೆ ನವರಂಗದಲ್ಲಿ, ಅಂದರೆ ಒಳಗಿನ ಮಂಟಪದಲ್ಲಿ 4. ಕನ್ನಡಿಯವಳ ಫೋಟೊ ಎಲ್ಲರ ಹತ್ತಿರವೂ ಇದೆ. ಉಳಿದವರನ್ನು ನೋಡಿದ್ದೀರಾ? ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ಹೊರಟಿದ್ದಾಳೆ. ಒಬ್ಬಳು ಗಿಳಿ ಜೊತೆ ಮಾತಿಗಿಳಿದಿದ್ದಾಳೆ. ಒಬ್ಬಳ ಸೀರೆ ಸೆರಗನ್ನು ಕೋತಿ ಎಳೆಯುತ್ತಿದೆ, ಇವಳು ಕೋಲೆತ್ತಿದ್ದಾಳೆ. ಮದ್ದಳೆ ಬಾರಿಸುವವರು, ಕುಣಿಯುವವರು ಎಷ್ಟೊಂದು ಜನ. ಈ ಸಲ ಬಂದಾಗ ಕನ್ನಡಿಯವಳ ಮುಂದೆ ಮಾತ್ರ ನಿಲ್ಲಬೇಡಿ. ನಿಧಾನವಾಗಿ ಒಂದು ಸುತ್ತು ಬನ್ನಿ, ಕತ್ತು ನೋವು ಬಂದರೂ ಪರವಾಗಿಲ್ಲ.

ಈಗ ನೀನು ನಮ್ಮ ಮನೆಯವರ ಗ್ರೂಪಿಗೆ ಹಾಕಿದ ಆ ಫಾರ್ವರ್ಡ್ ಬಗ್ಗೆ. 'ಜಗತ್ತಿನ ಹತ್ತು ಅತಿ ಸುಂದರ ರಾಣಿಯರು' ಅಂತ. ಕೊನೆಯಲ್ಲಿ ನಮ್ಮ ಶಾಂತಲೆ. ಚಿತ್ರ ಮಾತ್ರ ಕಂಪ್ಯೂಟರ್ ಮಾಡಿದ್ದು. ಹಾಲಿನ ಬಣ್ಣ, ಬೂದು ಕಣ್ಣು, ಜಾಹೀರಾತಿನ ಹುಡುಗಿ ಥರ. ಕೆಳಗೆ ಒಂದೇ ಸಾಲು, 'ತನ್ನ ರೂಪದಿಂದ ವಿಷ್ಣುವರ್ಧನನ ಮನಸ್ಸು ಗೆದ್ದವಳು'. ಇದನ್ನು ಓದಿ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಅಷ್ಟೇನಾ ಆಕೆ?

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಇದೆ. ಶಾಂತಲೆ 1123ರಲ್ಲಿ ಕಟ್ಟಿಸಿದ್ದು. ಶಾಂತಿನಾಥನನ್ನು ಅಲ್ಲಿ ಸ್ಥಾಪಿಸಿ, ಪೂಜೆಗೆ ಒಂದು ಹಳ್ಳಿಯನ್ನೇ ದತ್ತಿ ಬಿಟ್ಟಳು. ಆ ಕಾಲದ ಶಾಸನದಲ್ಲಿ ಆಕೆಯ ಬಿರುದುಗಳು ಒಂದರ ಹಿಂದೆ ಒಂದು ಬರುತ್ತವೆ. ವಿವೇಕೈಕ ಬೃಹಸ್ಪತಿ. ಪ್ರತ್ಯುತ್ಪನ್ನ ವಾಚಸ್ಪತಿ, ಅಂದರೆ ಕೇಳಿದ ಕ್ಷಣಕ್ಕೆ ಉತ್ತರ ಕೊಡುವವಳು. ಗೀತವಾದ್ಯನೃತ್ಯ ಸೂತ್ರಧಾರೆ. ಸಮ್ಯಕ್ತ್ವ ಚೂಡಾಮಣಿ, ಅಂದರೆ ಜೈನರು ಹೇಳುವ ಸರಿಯಾದ ನಂಬಿಕೆಗೆ ತಲೆಯ ಮೇಲಿನ ರತ್ನದಂತೆ ಇದ್ದವಳು. ಉದ್ವೃತ್ತ ಸವತಿಗಂಧವಾರಣೆ, ಮೆರೆಯುವ ಸವತಿಯರಿಗೆ ಮದದಾನೆಯಂತೆ ಇದ್ದವಳು. ಬಸದಿಗೆ ಹೆಸರು ಬಂದದ್ದೇ ಇದರಿಂದ. ರೂಪದ ಮಾತೂ ಇದೆ, ಇಲ್ಲ ಅನ್ನುವುದಿಲ್ಲ. ಮನೋಜರಾಜ ವಿಜಯಪತಾಕೆ ಅಂತ ಕರೆದಿದ್ದಾರೆ, ಮನ್ಮಥನ ಗೆಲುವಿನ ಬಾವುಟ ಅಂತ. ಆದರೆ ನೋಡಿ, ಅದು ಅಷ್ಟು ಬಿರುದುಗಳ ನಡುವೆ ಒಂದು. ಆಕೆಯನ್ನು ಕಂಡವರು, ಆಕೆಯ ಕಾಲದಲ್ಲೇ ಬದುಕಿದವರು ಮೊದಲು ಹೇಳಿದ್ದು ಬುದ್ಧಿ, ಮಾತು, ಸಂಗೀತ, ಧರ್ಮ. ಒಂಬೈನೂರು ವರ್ಷ ಆದಮೇಲೆ ನಾವು ಮಿಕ್ಕ ಎಲ್ಲ ಅಳಿಸಿ ಮುಖ ಒಂದನ್ನು ಇಟ್ಟುಕೊಂಡಿದ್ದೇವೆ. ಆ ಮುಖವೂ ಕಂಪ್ಯೂಟರ್‌ನದು.

ಆಕೆಯ ಮನೆ ಹೇಗಿತ್ತು ಗೊತ್ತಾ? ಅಪ್ಪ ಮಾರಸಿಂಗಯ್ಯ ಶಿವಭಕ್ತ. ಅಮ್ಮ ಮಾಚಿಕಬ್ಬೆ ಜೈನಳು. ಗಂಡ ನಮ್ಮ ಚೆನ್ನಕೇಶವನ ಗುಡಿ ಕಟ್ಟಿಸಿದವನು, 1117ರಲ್ಲಿ. ಅದೇ ಅಂಗಳದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಇದೆಯಲ್ಲ, ಅದು ಶಾಂತಲೆಯದು. ತಾನು ಜಿನಭಕ್ತೆ, ಆದರೂ ಕೇಶವನನ್ನು ನಿಲ್ಲಿಸಿದಳು. ಬೇಲೂರಿಗೆ ಬಂದವರು ದೊಡ್ಡ ಗುಡಿ ನೋಡಿ, ಕಪ್ಪೆ ಚೆನ್ನಿಗರಾಯನಿಗೆ ದೂರದಿಂದಲೇ ಕೈ ಮುಗಿದು ಹೋಗುತ್ತಾರೆ. ಆಕೆ ತಾನೇ ಮಾಡಿಸಿದ ಕೆಲಸ ಅದು. ಆಕೆಯ ಹೆಸರಲ್ಲಿ ಎಲ್ಲಾದರೂ ಒಂದು ನಿಮಿಷ ನಿಲ್ಲಬೇಕು ಅಂತಿದ್ದರೆ ಅಲ್ಲಿ ನಿಲ್ಲಿ. ದೊಡ್ಡ ಗುಡಿಯಲ್ಲಿ ಪೂರ್ವದ ಬಾಗಿಲ ಪಕ್ಕದ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿ ಕಿಟಕಿಯಲ್ಲಿ, ಒಂದು ರಾಜಸಭೆ ಕೆತ್ತಿದ್ದಾರೆ. ಅದು ವಿಷ್ಣುವರ್ಧನನ ಒಡ್ಡೋಲಗ, ಪಕ್ಕದಲ್ಲಿರುವವಳು ಶಾಂತಲೆ ಅಂತ ಗುರುತಿಸುತ್ತಾರೆ. ಶಾಂತಲೆಯ ಚಿತ್ರ ಬೇಕೇ ಬೇಕು ಅನ್ನುವವರು ಅದರ ಫೋಟೊ ಹಾಕಬಹುದಲ್ವಾ? ಸಭೆಯಲ್ಲಿ, ರಾಜನ ಜೊತೆ, ಜನರ ನಡುವೆ ಕೂತವಳು.

1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಸುದ್ದಿ ಕೇಳಿದ ಅಮ್ಮ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಇದೂ ಕಲ್ಲಿನ ಮೇಲೆ ಬರೆದಿದೆ. ಮಗಳಿಲ್ಲದ ಮೇಲೆ ತನಗೂ ಇರಲಾಗದು ಅಂದ ತಾಯಿ. ಆ ಫಾರ್ವರ್ಡ್‌ನಲ್ಲಿ ಈ ತಾಯಿಗೆ ಜಾಗವೇ ಇಲ್ಲ.

ಇನ್ನು ಭಾವ, ನಿಮ್ಮ ಮಾತು. 'ಹೆಣ್ಣಿನ ಅಂದದಿಂದಲೇ ಎಷ್ಟು ರಾಜ್ಯ ಮುಳುಗಿತು' ಅಂತ ಬರೆದಿದ್ದೀರಿ. ನಿಮ್ಮ ಮೇಲೆ ಗೌರವ ಇದೆ, ಆದರೆ ಈ ಮಾತು ಒಪ್ಪಲಾರೆ. ಪಟ್ಟಿಯಲ್ಲೇ ಇರುವ ಚೀನಾದ ಯಾಂಗ್ ಗುಯ್‌ಫೇಯನ್ನು ತೆಗೆದುಕೊಳ್ಳಿ. ತಾಂಗ್ ಚಕ್ರವರ್ತಿ ಷುವಾನ್‌ಜೊಂಗ್‌ನ ಪ್ರೀತಿಯ ಹೆಂಡತಿ. 755ರಲ್ಲಿ ಆನ್ ಲುಷಾನ್ ಅನ್ನುವ ಸೇನಾಪತಿ ದಂಗೆ ಎದ್ದ. ಗಡಿಯ ಮೂರು ಪ್ರಾಂತ್ಯದ ಸೈನ್ಯವನ್ನು ಒಬ್ಬನ ಕೈಗೇ ಕೊಟ್ಟಿದ್ದರು, ಕೊಟ್ಟವನು ಚಕ್ರವರ್ತಿ. ಮರುವರ್ಷ ರಾಜಧಾನಿ ಬಿಟ್ಟು ಓಡುವಾಗ ದಾರಿಯಲ್ಲಿ ಸೈನಿಕರು ತಿರುಗಿಬಿದ್ದರು. ಮಂತ್ರಿಯಾಗಿದ್ದ ಆಕೆಯ ದಾಯಾದಿ ಅಣ್ಣನನ್ನು ಕೊಂದರು. ಅವಳೂ ಸಾಯಬೇಕು ಅಂದರು. ಚಕ್ರವರ್ತಿ ಒಪ್ಪಿಕೊಂಡ, ಕತ್ತು ಹಿಸುಕಿ ಕೊಂದರು. ಆಕೆ ಸತ್ತ ಮೇಲೆ ದಂಗೆ ನಿಂತಿತಾ? 763ರವರೆಗೂ ನಡೆಯಿತು. ಸೈನ್ಯ ಹಂಚಿದವನ ತಪ್ಪು ಅವಳ ಕೊರಳಿಗೆ ಬಂತು. ಮುಳುಗಿಸಿದ್ದು ಯಾರು, ನೀವೇ ಹೇಳಿ ಭಾವ.

ಕ್ಲಿಯೋಪಾತ್ರಳದೂ ಹಾಗೇ. ಆಕೆ ಸತ್ತು ನೂರು ವರ್ಷಕ್ಕೂ ಜಾಸ್ತಿ ಆದಮೇಲೆ ಬರೆದ ಗ್ರೀಕ್ ಲೇಖಕ ಪ್ಲುಟಾರ್ಕ್ ಕೂಡ ಆಕೆಯ ರೂಪ ಹೋಲಿಕೆಯೇ ಇಲ್ಲದಂಥದ್ದು ಅನ್ನಲಿಲ್ಲ. ಮಾತು, ಧ್ವನಿ, ಜೊತೆಗೆ ಕೂತರೆ ಬಿಟ್ಟೇಳಲು ಆಗದ ಸೆಳೆತ, ಅದನ್ನು ಹೊಗಳಿದ. ಆಕೆಯ ನಾಣ್ಯಗಳಲ್ಲಿ ಬಾಗಿದ ಮೂಗು, ಮುಂದೆ ಬಂದ ಗದ್ದ ಕಾಣುತ್ತದೆ. ಆಕೆಯ ವಂಶದವರು ಸುಮಾರು ಮುನ್ನೂರು ವರ್ಷ ಈಜಿಪ್ಟ್ ಆಳಿದರು. ಅಲ್ಲಿನ ಜನರ ಭಾಷೆ ಕಲಿತವಳು ಆಕೆ ಒಬ್ಬಳೇ ಅಂತ ಪ್ಲುಟಾರ್ಕ್ ಹೇಳುತ್ತಾನೆ. ನನಗೆ ಇದು ತುಂಬಾ ದೊಡ್ಡದು ಅನಿಸುತ್ತೆ.

ಚಿತ್ತೋರಿನ ರಾಣಿ ಪದ್ಮಿನಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆಕೆಯನ್ನು ಪೂಜಿಸುವವರಿದ್ದಾರೆ, ಅವರ ಭಕ್ತಿ ದೊಡ್ಡದು. ಆದರೆ ಚಿತ್ತೋರಿನ ಮುತ್ತಿಗೆ 1303ರಲ್ಲಿ. ಮುತ್ತಿಗೆ ಹಾಕಿದ ದೆಹಲಿ ಸುಲ್ತಾನ ಅಲ್ಲಾವುದ್ದೀನನ ಜೊತೆಗೇ ಇದ್ದ ಕವಿ ಅಮೀರ್ ಖುಸ್ರೋ ಆ ಯುದ್ಧವನ್ನು ಬರೆದಾಗ ಆಕೆಯ ಹೆಸರು ಹೇಳಲಿಲ್ಲ. ರೂಪದ ಕಥೆ ಬಂದದ್ದು 1540ರಲ್ಲಿ ಜಾಯಸಿ ಬರೆದ ಕಾವ್ಯದಿಂದ. ಸುಂದರಿಗಾಗಿ ಯುದ್ಧವಾಯಿತು ಅನ್ನುವುದು ಇನ್ನೂರು ವರ್ಷ ಕಳೆದ ಮೇಲಿನ ಮಾತು.

ಈಜಿಪ್ಟಿನ ಹಳೇ ಕಾಲದ ರಾಣಿ ನೆಫರ್ಟಿಟಿ ಬಗ್ಗೆ ಹೇಳದೆ ಬಿಡಲಾರೆ, ಯಾಕೆಂದರೆ ನಮ್ಮ ದಾಸೋಜನ ನೆನಪಾಗುತ್ತೆ. ಆ ಉದ್ದ ಕತ್ತಿನ, ನೀಲಿ ಕಿರೀಟದ ಮುಖ ಎಲ್ಲರಿಗೂ ಗೊತ್ತು. 1912ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಥುಟ್‌ಮೋಸ್ ಅನ್ನುವ ಶಿಲ್ಪಿಯ ಕೆಲಸದ ಮನೆಯಲ್ಲಿ ಸಿಕ್ಕಿತು, ಈಗ ಬರ್ಲಿನ್‌ನಲ್ಲಿದೆ. ಸುಣ್ಣದ ಕಲ್ಲಿನಲ್ಲಿ ಕೆತ್ತಿ, ಮೇಲೆ ಗಾರೆ ಹಚ್ಚಿ ಬಣ್ಣ ಬಳಿದದ್ದು. 2006ರಲ್ಲಿ ಅದನ್ನು ಸಿಟಿ ಸ್ಕ್ಯಾನ್ ಮಾಡಿದರು, ಆಸ್ಪತ್ರೆಯಲ್ಲಿ ನಮಗೆ ಮಾಡುತ್ತಾರಲ್ಲ, ಅದೇ. ಒಳಗಿನ ಕಲ್ಲಿನಲ್ಲಿ ಇನ್ನೊಂದು ಮುಖ ಕಂಡಿತು. ಬಾಯಿಯ ಪಕ್ಕ ಸುಕ್ಕು, ಮೂಗಿನ ಮೇಲೆ ಸಣ್ಣ ಉಬ್ಬು. ಮೇಲಿನ ಗಾರೆಯಲ್ಲಿ ಶಿಲ್ಪಿ ಅದನ್ನೆಲ್ಲ ನುಣುಪು ಮಾಡಿದ್ದ. ಮೂರು ಸಾವಿರ ವರ್ಷದ ಹಿಂದಿನ ಫಿಲ್ಟರ್! ನನಗೆ ಆ ಒಳಗಿನ ಮುಖವೇ ಇಷ್ಟ. ಬೇರೆ ಕಲ್ಲುಗಳಲ್ಲಿ ಇದೇ ರಾಣಿ ಶತ್ರುವನ್ನು ಹಿಡಿದು ಹೊಡೆಯಲು ಕೈ ಎತ್ತಿ ನಿಂತಿದ್ದಾಳೆ. ಅದು ಫೇರೋಗಳ, ಅಂದರೆ ಈಜಿಪ್ಟಿನ ರಾಜರ ಭಂಗಿ.

ಕೊನೆಗೆ ಒಂದು ಪ್ರಶ್ನೆ. ಆ ಪಟ್ಟಿಯಲ್ಲಿ ಹತ್ತೂ ಹೆಂಗಸರೇ ಯಾಕೆ? ನಮ್ಮ ಹಾಸನ ಜಿಲ್ಲೆಯಲ್ಲಿ ಚೆಲುವಿಗೆ ಹೆಸರಾದವನು ಗಂಡಸಲ್ವಾ? ಜೈನರು ಬಾಹುಬಲಿಯನ್ನು ಮೊದಲ ಕಾಮದೇವ ಅನ್ನುತ್ತಾರೆ. ಆತ ಪುರಾಣದವನು, ಸರಿ. ಆದರೆ ಕ್ರಿ.ಶ. 981ರ ಸುಮಾರಿಗೆ ಗಂಗರ ಮಂತ್ರಿ ಚಾವುಂಡರಾಯ ಬೆಳಗೊಳದ ದೊಡ್ಡಬೆಟ್ಟದ ಮೇಲೆ ನಿಲ್ಲಿಸಿದ ಮೂರ್ತಿ ಕಣ್ಣ ಮುಂದಿದೆ, ಸುಮಾರು 58 ಅಡಿ. 1180ರ ಸುಮಾರಿಗೆ ಕವಿ ಬೊಪ್ಪಣ ಪಂಡಿತ ಅದನ್ನು ಕಂಡು ಬರೆದ ಕನ್ನಡ ಪದ್ಯ ಬೆಟ್ಟದ ಮೇಲೆಯೇ ಶಾಸನವಾಗಿ ನಿಂತಿದೆ. ತುಂಬಾ ಎತ್ತರದ ಮೂರ್ತಿಗೆ ಚೆಲುವು ಬರುವುದು ಕಷ್ಟ, ಎತ್ತರ ಚೆಲುವು ಎರಡೂ ಇದ್ದರೂ ಅತಿಶಯ ಇರಲಾರದು, ಇಲ್ಲಿ ಮೂರೂ ಕೂಡಿವೆ ಅನ್ನುತ್ತಾನೆ. ಸುರುಳಿ ಕೂದಲು, ತುಟಿಯಂಚಿನ ನಗು, ತೊಡೆಯಿಂದ ತೋಳಿಗೆ ಹಬ್ಬಿದ ಮಾಧವಿ ಬಳ್ಳಿ, ಕಾಲ ಬಳಿ ಹುತ್ತ. ಇಂಥ ಚೆಲುವನ ಹೆಸರಲ್ಲಿ ರಾಜ್ಯ ಮುಳುಗಿತು ಅಂತ ಯಾರೂ ಹೇಳಲಿಲ್ಲ. ಅಣ್ಣ ಭರತನನ್ನು ಗೆದ್ದು ರಾಜ್ಯವನ್ನೇ ಬಿಟ್ಟುಕೊಟ್ಟ ಅಂತ ಕೈ ಮುಗಿಯುತ್ತೇವೆ.

ಈ ಗ್ರೂಪಿನಲ್ಲಿ ಹತ್ತು ಹನ್ನೆರಡು ವರ್ಷದ ಹೆಣ್ಣುಮಕ್ಕಳೂ ಅಮ್ಮಂದಿರ ಫೋನಿನಲ್ಲಿ ಎಲ್ಲ ಓದುತ್ತಾರೆ. ಸಂಬಂಧ ನೋಡಲು ಬಂದವರು ಬಣ್ಣದ ಮಾತು ಎತ್ತಿ ಎದ್ದು ಹೋದದ್ದು ನಮ್ಮ ಮನೆಯಲ್ಲೂ ಆಗಿದೆ, ಯಾರೂ ಮರೆತಿಲ್ಲ. ಆ ಮಕ್ಕಳಿಗೆ ಶಾಂತಲೆ ಅಂದರೆ ಹಾಲಿನ ಬಣ್ಣದ ಚಿತ್ರ ಅಂತ ನಾವೇ ಕಲಿಸಬಾರದು. ಪುಟ್ಟಿ, ಆ ಚಿತ್ರ ತೆಗೆದುಬಿಡಮ್ಮಾ. ಬದಲಿಗೆ ನಾನು ಹೇಳಿದ ಬಿರುದುಗಳನ್ನು ಬರೆದು ಹಾಕು. ಬೇಕಿದ್ದರೆ ಸ್ಪೆಲ್ಲಿಂಗ್ ನಾನು ನೋಡಿಕೊಡುತ್ತೇನೆ.

ದಸರಾ ರಜಕ್ಕೆ ಬರುತ್ತೀರಂತೆ, ಸಕಲೇಶಪುರದ ಅತ್ತಿಗೆ ಹೇಳಿದರು. ಬೆಂಗಳೂರಿನಿಂದ ಬರುವ ದಾರಿಯಲ್ಲೇ ಚನ್ನರಾಯಪಟ್ಟಣಕ್ಕೆ ಮೊದಲು ಬೆಳಗೊಳಕ್ಕೆ ತಿರುಗಿ. ದೊಡ್ಡಬೆಟ್ಟ ಬೆಳಿಗ್ಗೆಯೇ ಹತ್ತಿ, ಬಿಸಿಲೇರಿದರೆ ಬರಿಗಾಲಿಗೆ ಬಂಡೆ ಸುಡುತ್ತೆ. ಇಳಿದು ಸುಸ್ತಾಯಿತು ಅಂತ ಚಿಕ್ಕಬೆಟ್ಟ ಬಿಡಬೇಡಿ, ಶಾಂತಲೆಯ ಬಸದಿ ಇರುವುದು ಅಲ್ಲಿ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಎಷ್ಟು ಜನ ಅಂತ ಹಿಂದಿನ ದಿನ ತಿಳಿಸಿ. ಭಾವ, ನೀವೂ ಬನ್ನಿ, ಸಂಜೆ ಕಪ್ಪೆ ಚೆನ್ನಿಗರಾಯನ ಗುಡಿಯಲ್ಲಿ ಕೂತು ಬಾಕಿ ಮಾತು ಮುಗಿಸೋಣ.