ಅಪ್‌ಡೇಟ್: ಹಳೆಯ ರ‍್ಯಾಮ್ ಹೊಸ ಕಂಪ್ಯೂಟರಿನಲ್ಲಿ ನಡೆಯುತ್ತಿದೆ

ಹಳೆಯ ಕಂಪ್ಯೂಟರಿನ ಡಿಡಿಆರ್4 ಬಗೆಯ, 2133 ವೇಗದ ಎರಡು 8 ಜಿಬಿ ರ‍್ಯಾಮ್‌ಗಳನ್ನು ಹೊಸದಾಗಿ ಜೋಡಿಸಿದ ರೈಜನ್ 5 5600ಜಿ ಪ್ರೊಸೆಸರಿನ ಕಂಪ್ಯೂಟರಿಗೆ ಹಾಕಬಹುದೇ ಎಂದು ಕೇಳಿದ್ದೆ. ಹಾಕಬಹುದು, ಆದರೆ ವೇಗ ಕಡಿಮೆಯಾದೀತು ಎಂದು ತಿಳಿಸಿದ್ದಿರಿ. ಹಾಗೆಯೇ ಆಯಿತು.

ಮೊದಲ ಸಲ ಪರದೆಯೇ ಬೆಳಗಲಿಲ್ಲ. ಉಡುಪಿಯ ಮಳೆಗಾಲದ ತೇವದಲ್ಲಿ ಎರಡು ವರ್ಷ ಕಪಾಟಿನಲ್ಲಿದ್ದ ರ‍್ಯಾಮ್‌ಗಳ ಚಿನ್ನದ ಬಣ್ಣದ ಅಂಚು ಮಂಕಾಗಿತ್ತು. ಅದನ್ನು ಬಿಳಿ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳಲ್ಲಿ ಟಕ್ಕೆನ್ನುವವರೆಗೆ ಒತ್ತಿದ ಮೇಲೆ ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ನಡೆಯುವ ತಂತ್ರಾಂಶ) 16 ಜಿಬಿ ತೋರಿಸಿದಾಗ ನಿಜಕ್ಕೂ ಸಂತೋಷವಾಯಿತು. ಬರವಣಿಗೆ, ಲೆಕ್ಕಪತ್ರಗಳಿಗೆ ಯಾವ ಕೊರತೆಯೂ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಾರಣ ಗ್ರಾಫಿಕ್ಸಿಗೂ ಇದೇ ಮೆಮೊರಿ ಬಳಕೆಯಾಗುವುದರಿಂದ ಆಟಗಳಲ್ಲಿ ಮಾತ್ರ ತಡವರಿಕೆ ಸ್ಪಷ್ಟವಾಗಿದೆ. 3200 ವೇಗದ ಒಂದನ್ನು ಸೇರಿಸಿದರೂ ಎಲ್ಲವೂ 2133ರ ವೇಗಕ್ಕೇ ಇಳಿಯುವುದರಿಂದ, ಹಣ ಕೂಡಿದಾಗ ಜೋಡಿಯನ್ನೇ ಬದಲಿಸುತ್ತೇನೆ.