ಸಹಾಯ ಬೇಕು: ಅಪ್ಪನ ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ (ಪಾರದರ್ಶಕ ರಕ್ಷಣಾ ಪದರ) ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಚಿಂಚವಾಡದಲ್ಲಿದ್ದೇನೆ. ಅಪ್ಪನ 1997ರ ಕೆಂಪು ಮಾರುತಿ 800 ಈಗ ನನ್ನ ಹತ್ತಿರ ಇದೆ. ಕಂಪನಿಯಿಂದ ಬಂದ ಬಣ್ಣವೇ, ಒಮ್ಮೆಯೂ ಪೇಂಟ್ ಮಾಡಿಸಿಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಬಾನೆಟ್, ಟಾಪ್ ಎರಡೂ ಮಂಕಾಗಿವೆ. ಬೆರಳಾಡಿಸಿದರೆ ಗುಲಾಬಿ ಪುಡಿ ಕೈಗೆ ಹತ್ತುತ್ತದೆ.

ಪಾಲಿಶ್ ಮಾಡಿಸೋಣ ಅಂತ ಇಲ್ಲೇ ಒಂದು ಗ್ಯಾರೇಜಿಗೆ ಹೋದೆ. ಮುಟ್ಟಿಯೂ ನೋಡದೆ "ಕ್ಲಿಯರ್ ಕೋಟ್ ಹೋಗಿದೆ, ಪೂರ್ತಿ ಪೇಂಟ್ ಮಾಡಬೇಕು" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಕ್ಲಿಯರ್ ಕೋಟ್ ಹಾಳಾದರೆ ಸಾಮಾನ್ಯವಾಗಿ ಬಿಳಿ ಸಿಪ್ಪೆ ಏಳುತ್ತದೆ ಅಲ್ವಾ? ಇಲ್ಲಿ ಎಲ್ಲೂ ಎದ್ದಿಲ್ಲ.

ನಿನ್ನೆ ಹಳೇ ಬಿಳಿ ಬನಿಯನ್ ತುಂಡಿಗೆ ಚೂರು ಪಾಲಿಶ್ ಹಚ್ಚಿ ಬಾನೆಟ್ ಮೂಲೆಯಲ್ಲಿ ಮೆಲ್ಲಗೆ ಉಜ್ಜಿದೆ. ಕುಂಕುಮ ಒರೆಸಿದ ಹಾಗೆ ಬಟ್ಟೆ ಕೆಂಪಾಯಿತು. ಕೆಳಗೆ ಅಪ್ಪ ಕಾರು ತಂದ ದಿನದ ಹೊಳಪು! ಕ್ಲಿಯರ್ ಕೋಟ್ ಇದ್ದಿದ್ದರೆ ಬಟ್ಟೆಗೆ ಬರೀ ಕೊಳೆ ಬರಬೇಕಿತ್ತು. ಆದರೆ ಅದು ಪೂರ್ತಿ ಸವೆದಿದ್ದರೂ ಬಣ್ಣ ಬರುತ್ತದೆ. ಅದಕ್ಕೇ ಬಿಸಿಲು ಬೀಳದ ಬಾಗಿಲಿನ ಒಳ ಅಂಚಿನಲ್ಲೂ ಉಜ್ಜಿದೆ. ಅಲ್ಲೂ ಕೆಂಪೇ ಬಂತು.

ಹಾಗಾದರೆ ಇದು ಕ್ಲಿಯರ್ ಕೋಟ್ ಇಲ್ಲದ ಬಣ್ಣ ಅಂತ ಖಚಿತ ಮಾಡಿಕೊಳ್ಳಬಹುದಾ? ಮೆಟಾಲಿಕ್ (ಮಿನುಗುವ ಲೋಹದ ಪುಡಿ ಬೆರೆತ ಬಣ್ಣ) ಅಲ್ಲದ ಹಳೇ ಕಾರು ಇರುವವರು ದಯವಿಟ್ಟು ತಿಳಿಸಿ. ಪಾಲಿಶ್ ಮೆಷಿನ್ ಹಾಕಿದರೆ ಅಂಚುಗಳಲ್ಲಿ ಬಣ್ಣ ಸವೆದು ಕೆಳಗಿನ ಪ್ರೈಮರ್ ಪದರ ಕಾಣಿಸಿಬಿಡುತ್ತದೆ ಅನ್ನುವ ಭಯ ನನಗೆ. ಕೈಯಲ್ಲೇ ಉಜ್ಜಿ ವ್ಯಾಕ್ಸ್ ಹಾಕಿದರೆ ಸಾಕಾ? ಪಿಂಪ್ರಿ-ಚಿಂಚವಾಡ ಕಡೆ ಹಳೇ ಬಣ್ಣ ಉಳಿಸಿಕೊಡುವ ಪೇಂಟರ್ ಗೊತ್ತಿದ್ದರೆ ಹೇಳಿ. ಅಪ್ಪ ಮುಂದಿನ ತಿಂಗಳು ಧಾರವಾಡದಿಂದ ಬರುತ್ತಾರೆ, ಅಷ್ಟರಲ್ಲಿ ಮುಗಿಸಬೇಕು.