ಸಹಾಯ ಬೇಕು: ಹಳೆಯ ಶಾಯಿ ಪೆನ್ನಿನ ಗುರುತು ಮತ್ತು ದುರಸ್ತಿ

ಮಾನ್ಯ ಸದಸ್ಯರಿಗೆ ನಮಸ್ಕಾರ. ಬಸವನಗುಡಿಯ ನಮ್ಮ ಮನೆಯಲ್ಲಿ ತಾತನವರ ಕಾಲದ ಶಾಯಿ ಪೆನ್ನೊಂದಿದ್ದು, ಅದರ ತಯಾರಕರು ಯಾರೆಂದು ತಿಳಿಯಲು ತಮ್ಮ ನೆರವು ಕೋರುತ್ತೇನೆ.

ಒಡಲನ್ನು ಬೆರಳಿನಿಂದ ಉಜ್ಜಿದಾಗ ಗಂಧಕದ ವಾಸನೆ ಬರುವುದರಿಂದ ಅದು ಎಬೊನೈಟ್ (ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರ್) ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಬೆಳಕಿಗೆ ಬಿದ್ದ ಭಾಗವೆಲ್ಲ ಕಂದು ಬಣ್ಣಕ್ಕೆ ತಿರುಗಿ, ಕ್ಯಾಪಿನೊಳಗೆ ಮರೆಯಾಗಿರುವಷ್ಟು ಭಾಗ ಮಾತ್ರ ಅಚ್ಚ ಕಪ್ಪಾಗಿ ಉಳಿದಿದೆ. ನಿಬ್ಬಿನ ಮೇಲೆ ‘ವಾರಂಟೆಡ್ 14 ಕ್ಯಾರೆಟ್’ ಎಂದಷ್ಟೇ ಇದೆ. ಇದು ಹಲವು ಪೆನ್ನುಗಳಲ್ಲಿ ಕಾಣುವ ಸಾಮಾನ್ಯ ಮುದ್ರೆಯಾದ್ದರಿಂದ, ಮೂಲ ನಿಬ್ಬನ್ನು ಯಾರೋ ಬದಲಿಸಿರಲೂಬಹುದು. ಒಳಗಿನ ಚೀಲವನ್ನು ಒತ್ತಿ ಶಾಯಿ ತುಂಬಿಸುವ ಪಕ್ಕದ ಲಿವರ್‌ನಿಂದಲೂ ಸುಳಿವು ಸಿಗದು, ಏಕೆಂದರೆ ಅಮೆರಿಕದ ಪೆನ್ನು ತಯಾರಕ ವಾಲ್ಟರ್ ಶೀಫರ್ 1908ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ವ್ಯವಸ್ಥೆಯನ್ನು ಮುಂದೆ ಅನೇಕ ಕಂಪನಿಗಳು ತಮ್ಮದೇ ರೀತಿಯಲ್ಲಿ ಅಳವಡಿಸಿಕೊಂಡವು. ಒಡಲಿನ ಸವೆದ ಮುದ್ರೆಯಲ್ಲಿ ‘ಲಂಡನ್’ ಎಂಬುದೊಂದೇ ಓದಲು ಸಿಗುತ್ತದೆ.

ಒಳಗಿನ ರಬ್ಬರ್ ಚೀಲ ಒಣಗಿ ಪುಡಿಯಾಗಿದೆ. ಸರಿಯಾದ ಅಳತೆಯ ಹೊಸ ಚೀಲವನ್ನು ಶೆಲಾಕ್‌ನಿಂದ (ಅರಗಿನ ಅಂಟು) ಅಂಟಿಸಬಲ್ಲವರು, ಎಬೊನೈಟನ್ನು ನೀರಿನಲ್ಲಿ ನೆನೆಸಿ ಇನ್ನಷ್ಟು ಬಣ್ಣಗೆಡಿಸದವರು ಬೆಂಗಳೂರಿನಲ್ಲಿ ಯಾರಿದ್ದಾರೆ? ಅಂಗಡಿಯೊಂದರಲ್ಲಿ ಬಫ್ ಮಾಡಿ ಹೊಸದರಂತೆ ಹೊಳೆಯಿಸಿಕೊಡುವೆವೆಂದರು. ಇದ್ದೊಂದು ಮುದ್ರೆಯೂ ಅಳಿಸಿಹೋಗುವ ಆ ಹೊಳಪು (ತಾತನವರಂತೂ ಒಪ್ಪುತ್ತಿರಲಿಲ್ಲ) ನನಗೆ ಬೇಡ. ಮುದ್ರೆ, ಲಿವರ್ ಹಾಗೂ ನಿಬ್ಬಿನ ಚಿತ್ರಗಳನ್ನು ಲಗತ್ತಿಸಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಬೇಕು.